ಒಂದು ಕಾಫಿ ದುಡ್ಡಿಗೆ 345 ಕುರ್ಚಿ

ಇಟಲಿಗೆ ಹೋದ ಹೊಸತರಲ್ಲಿ ಒಂದು ದಿನ ಅಮ್ಮನ ಜೊತೆ ಫೋನಲ್ಲಿ ಮಾತಾಡುವಾಗ, ದಿನಾ ಬೆಳಗ್ಗೆ ಏಳೂವರೆಗೆ ಬಾರ್‌ಗೆ ಹೋಗಿ ಆಮೇಲೆ ಕೆಲಸಕ್ಕೆ ಹೋಗ್ತೀನಿ ಅಂದುಬಿಟ್ಟೆ. ಆ ಕಡೆ ಸದ್ದೇ ಇಲ್ಲ. ಐದು ನಿಮಿಷಕ್ಕೆ ಅಪ್ಪನ ಫೋನ್ ಬಂತು. "ಏನಪ್ಪಾ ಸಮಾಚಾರ" ಅಂದರು. ಆ 'ಏನಪ್ಪಾ'ದಲ್ಲೇ ಎಲ್ಲ ಇತ್ತು. ಇಲ್ಲಿ ಬಾರ್ ಅಂದರೆ ಕಾಫಿ ಅಂಗಡಿ, ನಮ್ಮ ದರ್ಶಿನಿ ಥರ ನಿಂತುಕೊಂಡೇ ಕುಡಿದು ಹೊರಡೋದು ಅಂತ ಬಿಡಿಸಿ ಹೇಳೋಕೆ ಅರ್ಧ ಗಂಟೆ ಹಿಡಿಯಿತು. ಅಮ್ಮನಿಗೆ ಈಗಲೂ ಪೂರ್ತಿ ನಂಬಿಕೆ ಇಲ್ಲ.

ಟೊರಿನೋದಲ್ಲಿ ನಾನಿದ್ದ ಮನೆಯ ಕೆಳಗೇ ಇದ್ದ ಬಾರ್ ಅದು. ಅರವತ್ತರ ಆಸುಪಾಸಿನ ಯಜಮಾನ, ಅವನ ಹೆಂಡತಿ, ಒಂದು ಹಳೇ ಕಾಫಿ ಮಷಿನ್. ಗುಟುಕಿನಷ್ಟು ಕಾಫಿ, ಒಂದು ಯೂರೋ ಚಿಲ್ಲರೆ. ಮೂಲೆಯಲ್ಲಿ ದಿನಾ ಪೇಪರ್ ಹಿಡಿದು ಕೂರುವ ಒಬ್ಬ ಅಜ್ಜ, ರೈಲ್ವೆಯಲ್ಲಿದ್ದು ರಿಟೈರ್ ಆದವನು. ನನ್ನ ಇಟಾಲಿಯನ್ ಭಾಷೆಯ ಮುಕ್ಕಾಲು ಪಾಲು ಯಜಮಾನ ಮತ್ತು ಈ ಅಜ್ಜ, ಇಬ್ಬರ ಜಗಳ ಕೇಳಿ ಕಲಿತದ್ದು.

2020ರ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಒಂದೇ ವಿಷಯಕ್ಕೆ ಕಚ್ಚಾಡುತ್ತಿದ್ದರು. ಮಾಸ್ಕ್ ಹಾಕ್ಕೊಂಡು ಜಗಳ ಆಡೋದು ಇಟಲಿಯವರಿಗೆ ಬಹಳ ಕಷ್ಟ, ಅರ್ಧ ಮಾತು ಮುಖದಲ್ಲೇ ಇರುತ್ತೆ ಅವರಿಗೆ. ಅದಕ್ಕೆ ಕೈ ಇನ್ನೂ ಜಾಸ್ತಿ ಆಡುತ್ತಿತ್ತು. ಆ ತಿಂಗಳ 20 ಮತ್ತು 21ಕ್ಕೆ ಜನಮತಗಣನೆ. ಪಾರ್ಲಿಮೆಂಟಿನ ಕೆಳಮನೆಯಲ್ಲಿ 630 ಜನ, ಮೇಲ್ಮನೆ ಸೆನೆಟ್‌ನಲ್ಲಿ 315 ಜನ ಚುನಾಯಿತರು ಇದ್ದಾರೆ, ಇವರನ್ನು 400 ಮತ್ತು 200ಕ್ಕೆ ಇಳಿಸೋದು ನಿಮಗೆ ಒಪ್ಪಿಗೆಯಾ? ಪ್ರಶ್ನೆ ಇಷ್ಟೇ. ಹೂಂ ಅಥವಾ ಊಹೂಂ.

ಯಜಮಾನ ಹೂಂ. ಅಜ್ಜ ಊಹೂಂ.

ಇದನ್ನು ತಲೆ ಮೇಲೆ ಹೊತ್ತು ತಂದದ್ದು ಫೈವ್ ಸ್ಟಾರ್ ಅನ್ನೋ ಪಕ್ಷ. 2019ರ ಅಕ್ಟೋಬರ್ 8ರಂದು ಕೆಳಮನೆಯಲ್ಲಿ ಮಸೂದೆ ಕೊನೇ ಸಲ ಪಾಸಾದಾಗ ಪರ 553, ವಿರೋಧ ಬರೀ 14. ಅದಕ್ಕೂ ಮುಂಚೆ ಮೂರು ಸಲ ವಿರೋಧವಾಗಿ ಮತ ಹಾಕಿದ್ದ ಡೆಮಾಕ್ರಟಿಕ್ ಪಕ್ಷ, ಫೈವ್ ಸ್ಟಾರ್ ಜೊತೆ ಸೇರಿ ಸರ್ಕಾರ ಮಾಡಿದ ಮೇಲೆ ನಾಲ್ಕನೇ ಸಲ ಪರವಾಗಿ ಕೈ ಎತ್ತಿತು. (ಇದನ್ನೆಲ್ಲ ನೋಡಿ ನಾವು ಬೆರಗಾಗಬೇಕಿಲ್ಲ, ನಮಗೆ ಅಭ್ಯಾಸ ಇದೆ.) ಅವತ್ತು ಪಾರ್ಲಿಮೆಂಟಿನ ಹೊರಗೆ ಫೈವ್ ಸ್ಟಾರ್ ನಾಯಕ ಲುಯಿಜಿ ದಿ ಮಾಯೋ ಮತ್ತು ಅವರ ಜೊತೆಯವರು ಒಂದು ಉದ್ದದ ಬ್ಯಾನರ್ ಹಿಡಿದು ನಿಂತರು. ಅದರ ತುಂಬ ಪಾರ್ಲಿಮೆಂಟಿನ ಕುರ್ಚಿಗಳ ಚಿತ್ರ. ಕೈಯಲ್ಲಿ ಆಳೆತ್ತರದ ಕತ್ತರಿ. ಕುರ್ಚಿ ಕತ್ತರಿಸಿದರು, ಹರಿದರು, ಫೋಟೋ ತೆಗೆಸಿಕೊಂಡರು. ಅಲ್ಲೂ ಅಧಿಕಾರಕ್ಕೆ 'ಕುರ್ಚಿ' ಅಂತಲೇ ಹೇಳೋದು ಅಂತ ನನಗೆ ಗೊತ್ತಾದದ್ದು ಆಗಲೇ.

ಇನ್ನೊಂದು ಪದ ಕೇಳಿ ಮಾತ್ರ ನಾನು ಕಾಫಿ ಕಪ್ ಕೆಳಗಿಟ್ಟೆ. ಯಜಮಾನ ರಾಜಕಾರಣಿಗಳ ಬಗ್ಗೆ ಮಾತಾಡುವಾಗೆಲ್ಲ 'ಲಾ ಕಾಸ್ತಾ, ಲಾ ಕಾಸ್ತಾ' ಅನ್ನುತ್ತಿದ್ದ. ಕಾಸ್ತಾ ಅಂದರೆ ಜಾತಿ. ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದು ನಮ್ಮ ಜಾತಿಗಳನ್ನು ನೋಡಿ ಬಳಸಿದ ಅದೇ ಪದ. 2007ರ ಸುಮಾರಿಗೆ ಇಟಲಿಯಲ್ಲಿ ಅದು ಎಲ್ಲರ ಬಾಯಿಗೆ ಬಂತು: ರಾಜಕಾರಣಿಗಳು ಒಂದು ಜಾತಿ, ಒಳಗೆ ಹುಟ್ಟಿದವರಿಗೆ ಎಲ್ಲ, ಹೊರಗಿನವರಿಗೆ ಏನೂ ಇಲ್ಲ. ಅವರ ಪಿಂಚಣಿ, ಅವರ ಕಾರು, ಪಾರ್ಲಿಮೆಂಟಿನ ಒಳಗೆ ಕ್ಷೌರ ಮಾಡುವವರಿಗೆ ಬರುವ ದೊಡ್ಡ ಸಂಬಳ, ಇವೆಲ್ಲ ವರ್ಷಗಟ್ಟಲೆ ಪೇಪರಿನಲ್ಲಿ ಬಂದಿದ್ದವು. ಸಿಟ್ಟು ಸುಮ್ನೆ ಬಂದದ್ದಲ್ಲ.

ಇನ್ನು ದುಡ್ಡಿನ ಲೆಕ್ಕ. ಐದು ವರ್ಷಕ್ಕೆ 50 ಕೋಟಿ ಯೂರೋ ಉಳಿಯುತ್ತೆ ಅಂತ ಫೈವ್ ಸ್ಟಾರ್‌ನವರು ಹೇಳುತ್ತಿದ್ದರು. ಕಾರ್ಲೋ ಕೊತ್ತರೆಲ್ಲಿ ಅಂತ ಒಬ್ಬ ಅರ್ಥಶಾಸ್ತ್ರಜ್ಞರಿದ್ದಾರೆ, ಸರ್ಕಾರದ ಖರ್ಚಿಗೆ ಕತ್ತರಿ ಹಾಕುವ ಕೆಲಸವನ್ನೇ ಹಿಂದೆ ಸರ್ಕಾರ ಅವರಿಗೆ ಒಪ್ಪಿಸಿತ್ತು. ಅವರ ಅಧ್ಯಯನ ತಂಡ ಕೂತು ಲೆಕ್ಕ ಹಾಕಿತು. ಸಂಸದರ ಸಂಬಳದಲ್ಲಿ ಒಂದು ಭಾಗ ತೆರಿಗೆಯಾಗಿ ಸರ್ಕಾರಕ್ಕೇ ವಾಪಸ್ ಬರುತ್ತೆ, ಅದನ್ನು ಉಳಿತಾಯ ಅನ್ನೋಕಾಗಲ್ಲ, ಅಲ್ವಾ? ಅದನ್ನು ಕಳೆದರೆ ವರ್ಷಕ್ಕೆ 5.7 ಕೋಟಿ ಯೂರೋ. ದೇಶದ ಒಟ್ಟು ಸಾರ್ವಜನಿಕ ಖರ್ಚಿನಲ್ಲಿ ಅದು ಶೇಕಡ 0.007. ಆರು ಕೋಟಿ ಜನಕ್ಕೆ ಹಂಚಿದರೆ ತಲೆಗೆ 95 ಸೆಂಟ್.

ಅಂದರೆ ವರ್ಷಕ್ಕೆ ಒಂದು ಕಾಫಿ. ಅದೂ ನಮ್ಮ ಬಾರ್‌ನಲ್ಲಿ ಸ್ವಲ್ಪ ಚಿಲ್ಲರೆ ಕಡಿಮೆ ಬೀಳುತ್ತಿತ್ತು.

ಅಜ್ಜ ಒಂದು ದಿನ ಒಂದು ಯೂರೋ ನಾಣ್ಯ ತೆಗೆದು ಕೌಂಟರ್ ಮೇಲೆ ಟಣ್ ಅಂತ ಇಟ್ಟ. "ತಗೋ, ನಿನ್ನ ಉಳಿತಾಯ ನಾನೇ ಕೊಡ್ತೀನಿ. ನನ್ನ ಸೆನೆಟರನ್ನ ನನಗೆ ಬಿಡು." ಯಜಮಾನ ನಾಣ್ಯ ತಗೊಂಡು ಗಲ್ಲಾಪೆಟ್ಟಿಗೆಗೆ ಹಾಕಿದ. "ಸರಿ, ನಿನ್ನ ಸೆನೆಟರ್ ಹೆಸರು ಹೇಳು." ಅಜ್ಜನಿಗೆ ಗೊತ್ತಿರಲಿಲ್ಲ.

ನನಗೆ ಇಡೀ ವಿಷಯ ಅಲ್ಲೇ ಸಿಕ್ಕಿಬಿಟ್ಟಿತು ಅನ್ನಿಸಿತು. ಯಜಮಾನನಿಗೆ ಲೆಕ್ಕ ಗೊತ್ತಿರಲಿಲ್ಲ ಅಂತಲ್ಲ. ದಿನಕ್ಕೆ ನೂರಾರು ಕಾಫಿ ಮಾರುವವನಿಗೆ ಒಂದು ಯೂರೋ ಅಂದರೆ ಎಷ್ಟು ಅಂತ ಬೇರೆಯವರು ಹೇಳಿಕೊಡಬೇಕಾ? ಅವನ ಮಾತು ಬೇರೆಯೇ ಇತ್ತು. ಅಲ್ಲಿನ ಚುನಾವಣೆಯಲ್ಲಿ ಬಹುಪಾಲು ಸೀಟಿಗೆ ಪಕ್ಷ ಒಂದು ಪಟ್ಟಿ ಕೊಡುತ್ತೆ, ಪಟ್ಟಿಯಲ್ಲಿ ಯಾರು ಮೇಲೆ ಯಾರು ಕೆಳಗೆ ಅನ್ನೋದು ಪಕ್ಷದ ಮುಖಂಡರ ಕೈಯಲ್ಲಿ, ಮತ ಹಾಕುವವನು ಚಿಹ್ನೆಗೆ ಗೀಟು ಹಾಕಿ ಬರಬೇಕು ಅಷ್ಟೇ. ತನ್ನ ಊರಿನವನಾ, ಎಲ್ಲಿಂದಲೋ ಇಳಿಸಿದವನಾ ಅಂತ ಕೇಳೋ ಹಾಗಿಲ್ಲ. ನನ್ನ ಕಣ್ಣಿಗೇ ಬೀಳದ 945 ಜನ ಇದ್ದರೇನು, 600 ಇದ್ದರೇನು, ಕಡಿಮೆಯಾದಷ್ಟೂ ನಷ್ಟ ಕಡಿಮೆ. ಅವನ ತರ್ಕ ಇದು. ತಪ್ಪು ಅಂತ ಹೇಳೋಕೆ ನನಗೆ ಆಗಲಿಲ್ಲ. ಆದರೆ ಪಟ್ಟಿ ಮಾಡುವವರ ಕೈಯಲ್ಲಿ 945ರ ಬದಲು 600 ಸೀಟು ಇದ್ದರೆ ಆ ಪಟ್ಟಿಗೆ ಇನ್ನೂ ಜಾಸ್ತಿ ಬೆಲೆ ಬರುತ್ತೆ, ಸೀಟು ಬೇಕಾದವನು ಮುಖಂಡರಿಗೆ ಇನ್ನೂ ಜಾಸ್ತಿ ಬಗ್ಗಬೇಕಾಗುತ್ತೆ ಅಂತ ಅಜ್ಜ ಹೇಳಿದ್ದೂ ತಪ್ಪಲ್ಲ.

ಮತದಾನದ ದಿನ ನಾನು ಸುಮ್ನೆ ಯಜಮಾನನ ಜೊತೆ ಮತಗಟ್ಟೆವರೆಗೆ ನಡೆದು ಹೋದೆ. ಪಕ್ಕದ ಬೀದಿಯ ಪ್ರೈಮರಿ ಸ್ಕೂಲು. ಕೋವಿಡ್ಡಿಂದ ಆರು ತಿಂಗಳು ಮುಚ್ಚಿದ್ದ ಸ್ಕೂಲು ಹಿಂದಿನ ವಾರ ಬಾಗಿಲು ತೆಗೆದು, ಒಂದೇ ವಾರಕ್ಕೆ ವೋಟಿಗಾಗಿ ಮತ್ತೆ ಮುಚ್ಚಿತ್ತು. ಪಕ್ಕದ ಮನೆಯ ತಾಯಿಯೊಬ್ಬರು ಗೇಟಿನ ಮುಂದೆ ನಿಂತು ಎಲ್ಲರಿಗೂ ಕೇಳೋ ಹಾಗೆ ಬೈಯುತ್ತಿದ್ದರು. ಯಜಮಾನನ ಕೈಯಲ್ಲಿ ವೋಟರ್ ಕಾರ್ಡು. ನಮ್ಮ ಕಾರ್ಡಿನ ಥರ ಅಲ್ಲ, ಮಡಚಿದ ರಟ್ಟು. ಒಳಗೆ 18 ಖಾನೆ, ಪ್ರತಿ ಸಲ ವೋಟು ಹಾಕಿದಾಗ ಒಂದು ಸೀಲು ಒತ್ತುತ್ತಾರೆ, 18 ತುಂಬಿದರೆ ಹೊಸ ಕಾರ್ಡು. ಅವನದ್ದು ತುಂಬೋಕೆ ಎರಡೇ ಬಾಕಿ ಇತ್ತು. ಬೆರಳಿಗೆ ಮಸಿ ಇಲ್ಲ. ಗುರುತು ಹಾಕೋದು ಪೆನ್ಸಿಲ್ಲಿನಲ್ಲಿ, ಉಜ್ಜಿದರೂ ಹೋಗದ ಒಂದು ವಿಶೇಷ ಪೆನ್ಸಿಲ್, ವೋಟು ಹಾಕಿದ ಮೇಲೆ ವಾಪಸ್ ಕೊಡಬೇಕು. ನಮ್ಮಲ್ಲಿ ಮಷಿನ್ ಒತ್ತಿದರೆ ಬೀಪ್ ಅನ್ನುತ್ತೆ ಅಂದೆ. ಅವನು ಒಂದು ನಿಮಿಷ ಯೋಚಿಸಿ, "ಬೀಪ್ ಅಂದಮೇಲೆ ನಿನ್ನ ಸಂಸದ ಫೋನ್ ಎತ್ತುತ್ತಾನಾ?" ಅಂದ.

ಸುಮಾರು ಶೇಕಡ 70 ಜನ ಹೂಂ ಅಂದರು. ಅರ್ಧಕ್ಕರ್ಧ ಮತದಾರರು ಬರಲೇ ಇಲ್ಲ.

345 ಕುರ್ಚಿ ಹೋಯಿತು. ಕೆಳಮನೆಯ ಒಬ್ಬ ಸಂಸದನಿಗೆ ಮುಂಚೆ 96,000 ಜನ ಇದ್ದರೆ ಈಗ 1,51,000. ಇಲ್ಲೊಂದು ಹಳೇ ಕಥೆ ಇದೆ. ಇಟಲಿಯ ಸಂವಿಧಾನ ಬರೆದವರು ಮೊದಲು ಇಟ್ಟದ್ದು ಇಂತಿಷ್ಟು ಸೀಟು ಅಂತ ಅಲ್ಲ, 80,000 ಜನಕ್ಕೊಬ್ಬ ಅಂತ. ಜನ ಬೆಳೆದ ಹಾಗೆ ಸೀಟೂ ಬೆಳೆಯಲಿ ಅಂತ. 1963ರಲ್ಲಿ ಅದನ್ನು 630ಕ್ಕೆ ಕಟ್ಟಿಹಾಕಿದರು. ದಕ್ಷಿಣದ ಬಾಸಿಲಿಕಾತಾ ಅನ್ನೋ ಗುಡ್ಡಗಾಡು ಪ್ರಾಂತ್ಯಕ್ಕೆ ಏಳು ಸೆನೆಟರ್ ಇದ್ದರು, ಈಗ ಮೂರು. ಉಂಬ್ರಿಯಾಕ್ಕೂ ಏಳಿದ್ದದ್ದು ಮೂರಾಯಿತು. ಸೆನೆಟ್‌ನಲ್ಲಿ ಮಸೂದೆ ಕೂತು ನೋಡುವ ಸಮಿತಿಗಳು 14 ಇದ್ದವು, ಜನ ಸಾಲದೆ 10ಕ್ಕೆ ಇಳಿಸಿದರು. ಕೆಲಸ ಕಡಿಮೆ ಆಗಲಿಲ್ಲ, ಮಾಡುವ ಕೈ ಕಡಿಮೆ ಆಯಿತು. 2022ರ ಸೆಪ್ಟೆಂಬರ್ 25ಕ್ಕೆ ಸಣ್ಣ ಪಾರ್ಲಿಮೆಂಟಿನ ಮೊದಲ ಚುನಾವಣೆ. ವೋಟು ಹಾಕಿದವರು ಶೇಕಡ 64ರಷ್ಟು. ಅಲ್ಲಿವರೆಗೆ ಅಲ್ಲಿನ ಯಾವ ಸಾರ್ವತ್ರಿಕ ಚುನಾವಣೆಯಲ್ಲೂ ಅಷ್ಟು ಕಡಿಮೆ ಆಗಿರಲಿಲ್ಲ. ಕುರ್ಚಿ ಕಡಿದದ್ದಕ್ಕೇ ಹೀಗಾಯಿತು ಅಂತ ನಾನು ಹೇಳಲ್ಲ. ಕುರ್ಚಿ ಕಡಿದರೆ ಜನಕ್ಕೆ ರಾಜಕೀಯದ ಮೇಲೆ ನಂಬಿಕೆ ವಾಪಸ್ ಬರುತ್ತೆ ಅಂದಿದ್ದರಲ್ಲ, ಅದಂತೂ ಆಗಲಿಲ್ಲ.

ಇಟಲಿಯವರದ್ದೇ ಹುಚ್ಚು ಅಂತಲ್ಲ ಇದು. ನ್ಯೂಜಿಲೆಂಡ್‌ನಲ್ಲಿ 1999ರಲ್ಲಿ 120 ಸೀಟನ್ನು 99ಕ್ಕೆ ಇಳಿಸಿ ಅಂತ ಶೇಕಡ 81ಕ್ಕಿಂತ ಜಾಸ್ತಿ ಜನ ಮತ ಹಾಕಿದರು. ಆ ಮತಕ್ಕೆ ಕಾನೂನಿನ ಬಲ ಇರಲಿಲ್ಲ, ಪಾರ್ಲಿಮೆಂಟು ಕೇಳಿಸಿಕೊಂಡು ಸುಮ್ಮನಾಯಿತು. ಐರ್ಲೆಂಡ್‌ನಲ್ಲಿ 2013ರಲ್ಲಿ ಮೇಲ್ಮನೆಯನ್ನೇ ತೆಗೆದರೆ ವರ್ಷಕ್ಕೆ ಎರಡು ಕೋಟಿ ಯೂರೋ ಉಳಿಯುತ್ತೆ ಅಂತ ಆಳುವ ಪಕ್ಷವೇ ಪ್ರಚಾರ ಮಾಡಿತು. ಜನ ಕೂದಲೆಳೆಯಲ್ಲಿ ಬೇಡ ಅಂದರು.

ನಾನು ಊರಿಗೆ ವಾಪಸ್ ಬಂದ ಮೇಲೆ ಇದೆಲ್ಲ ಮರೆತೇ ಹೋಗಿತ್ತು. 2025ರ ಮಾರ್ಚ್‌ನಲ್ಲಿ ನಮ್ಮ ವಿಧಾನಸಭೆ ಶಾಸಕರ ಸಂಬಳವನ್ನು 40,000ದಿಂದ 80,000ಕ್ಕೆ, ಮುಖ್ಯಮಂತ್ರಿಯದ್ದನ್ನು 75,000ದಿಂದ ಒಂದೂವರೆ ಲಕ್ಷಕ್ಕೆ ಏರಿಸಿತಲ್ಲ, ಅದೇ ತಿಂಗಳು ದೆಹಲಿಯಲ್ಲಿ ಸಂಸದರ ಸಂಬಳವೂ ಒಂದು ಲಕ್ಷದಿಂದ 1.24 ಲಕ್ಷ ಆಯಿತು. ಯುಗಾದಿಗೆ ಊರಿಗೆ ಹೋದಾಗ ಚಿಕ್ಕಪ್ಪ ಉರಿದುಕೊಂಡು ಕೂತಿದ್ದರು. ಕೆಇಬಿಯಲ್ಲಿ ಲೈನ್‌ಮ್ಯಾನ್ ಆಗಿ ರಿಟೈರ್ ಆದವರು, ಈಗ ಮೂರು ಎಕರೆ ತೋಟ ನೋಡಿಕೊಂಡಿದ್ದಾರೆ. ಅರಸೀಕೆರೆ, ತಿಪಟೂರು ನಡುವಿನ ತೆಂಗಿನ ಸೀಮೆ ನಮ್ಮದು.

"ನೋಡು ಮಗಾ, ಇವರನ್ನೆಲ್ಲ ಅರ್ಧ ಮಾಡಬೇಕು ಕಣೋ. ಐನೂರ ಚಿಲ್ಲರೆ ಜನ ಅಲ್ಲಿ ಕೂತು ಏನ್ ಕಡಿದು ಗುಡ್ಡೆ ಹಾಕ್ತಾರೆ? ಅರ್ಧ ಮಾಡಿ, ಆ ದುಡ್ಡಲ್ಲಿ ನಮ್ಮ ಊರಿಗೆ ರಸ್ತೆ ಆಗುತ್ತೆ."

ನನಗೆ ಟೊರಿನೋದ ಬಾರ್ ಕಣ್ಣ ಮುಂದೆ ಬಂತು. ಮೊಬೈಲ್ ತೆಗೆದು ಲೆಕ್ಕ ಹಾಕಿದೆ. 543 ಜನ ಲೋಕಸಭಾ ಸದಸ್ಯರ ಬರೀ ಸಂಬಳ ವರ್ಷಕ್ಕೆ ಸುಮಾರು 81 ಕೋಟಿ. ಅರ್ಧ ಮಾಡಿದರೆ ಉಳಿಯೋದು 40 ಕೋಟಿ. ದೇಶದ ಮತದಾರರು 97 ಕೋಟಿ. "ನಿಮ್ಮ ಪಾಲಿಗೆ ನಲವತ್ತು ಪೈಸೆ ಬರುತ್ತೆ ಚಿಕ್ಕಪ್ಪ" ಅಂದೆ. ಅವರು ನಂಬಲಿಲ್ಲ, ಕನ್ನಡಕ ಹಾಕ್ಕೊಂಡು ತಾವೇ ಮತ್ತೆ ಭಾಗಿಸಿದರು. ಬರೀ ಸಂಬಳ ಯಾಕೆ, ವಿಮಾನ, ಬಂಗಲೆ, ಪಿಂಚಣಿ ಎಲ್ಲ ಸೇರಿಸು ಅಂದರು. ಸರಿ. 2025-26ರ ಬಜೆಟ್ಟಿನಲ್ಲಿ ಲೋಕಸಭೆಗೆ 903 ಕೋಟಿ, ರಾಜ್ಯಸಭೆಗೆ 413 ಕೋಟಿ. ಕೇಂದ್ರದ ಒಟ್ಟು ಬಜೆಟ್ 50 ಲಕ್ಷ ಕೋಟಿಗೂ ಮೇಲೆ. ಎರಡೂ ಮನೆಗೆ ಬೀಗ ಹಾಕಿ ಎಲ್ಲರನ್ನೂ ಊರಿಗೆ ಕಳಿಸಿದರೂ 140 ಕೋಟಿ ಜನರಿಗೆ ತಲೆಗೆ ಹತ್ತು ರೂಪಾಯಿ ಬರಲ್ಲ. ಬೆಂಗಳೂರಲ್ಲಿ ಬೈ-ಟೂ ಕಾಫಿಯ ನಮ್ಮ ಪಾಲಿನ ಅರ್ಧ ಲೋಟ ಬರಬಹುದು. ಅದೂ ಅರ್ಧ ಜನರನ್ನು ತೆಗೆದರೆ ಅರ್ಧ ಖರ್ಚು ಉಳಿಯಲ್ಲ, ಕಟ್ಟಡ, ಸಿಬ್ಬಂದಿ, ಕಾವಲು, ಕರೆಂಟು ಎಲ್ಲ ಹಾಗೇ ಇರುತ್ತೆ. ಕರೆಂಟಿನ ಮಾತು ಮಾತ್ರ ಚಿಕ್ಕಪ್ಪ ತಕ್ಷಣ ಒಪ್ಪಿದರು.

ನಿಜವಾಗಿ ದೊಡ್ಡ ದುಡ್ಡು ಇರೋದು ಸಂಸದರ ನಿಧಿಯಲ್ಲಿ. ಒಬ್ಬರಿಗೆ ವರ್ಷಕ್ಕೆ ಐದು ಕೋಟಿ, ಎರಡೂ ಮನೆಯ 788 ಸೀಟು ಲೆಕ್ಕ ಹಾಕಿದರೆ 3,940 ಕೋಟಿ. ಪಾರ್ಲಿಮೆಂಟ್ ನಡೆಸೋ ಖರ್ಚಿನ ಮೂರು ಪಟ್ಟು. ನಮ್ಮೂರ ಬಸ್ ಸ್ಟಾಪಿನ ಮೇಲೆ ಊರಿನ ಹೆಸರು ಸಣ್ಣದಾಗಿ, ಯಾರ ನಿಧಿಯಿಂದ ಕಟ್ಟಿದ್ದು ಅನ್ನೋದು ದಪ್ಪಕ್ಷರದಲ್ಲಿ ಇದೆಯಲ್ಲ, ಅದು ಈ ದುಡ್ಡು. ಖರ್ಚು ಉಳಿಸಬೇಕು ಅಂತ ನಿಜವಾಗಿ ಇದ್ದರೆ ಇದರ ಬಗ್ಗೆ ಮಾತಾಡಬೇಕು. ಕೋವಿಡ್ ಬಂದಾಗ 2020ರಲ್ಲಿ ಇದನ್ನು ನಿಲ್ಲಿಸಿಯೂ ಇದ್ದರು, ಆಮೇಲೆ ಮತ್ತೆ ಶುರುವಾಯಿತು. ಕುರ್ಚಿಗೆ ಕತ್ತರಿ ಹಾಕೋದು ಫೋಟೋದಲ್ಲಿ ಚೆನ್ನಾಗಿ ಬರುತ್ತೆ, ಇದು ಬರಲ್ಲ.

ಆದರೆ ದುಡ್ಡಿಗಿಂತ ನನ್ನ ತಲೆ ಕೊರೆದದ್ದು ಬೇರೆ ಲೆಕ್ಕ. ಇಟಲಿಯಲ್ಲಿ ಒಬ್ಬ ಸಂಸದನಿಗೆ ಒಂದೂವರೆ ಲಕ್ಷ ಜನ ಆಯ್ತು, ದೂರ ಆದ ಅಂತ ಅಜ್ಜ ಗೋಳಾಡುತ್ತಿದ್ದ. ನಮ್ಮ ಮೊದಲ ಲೋಕಸಭೆಗೆ 489 ಸೀಟು, ಆಗಿನ ಮತದಾರರು 17 ಕೋಟಿ ಚಿಲ್ಲರೆ, ಒಬ್ಬರಿಗೆ ಮೂರೂವರೆ ಲಕ್ಷ. 2024ರಲ್ಲಿ ಒಬ್ಬರಿಗೆ ಸುಮಾರು 18 ಲಕ್ಷ. ಬೆಂಗಳೂರು ಉತ್ತರ ಕ್ಷೇತ್ರ ಒಂದರಲ್ಲೇ 32 ಲಕ್ಷ ಮತದಾರರು. ಮಕ್ಕಳು ಮರಿ ಬಿಟ್ಟು ಬರೀ ವೋಟರುಗಳು. ಅಂದರೆ ನಮ್ಮ ಪಾರ್ಲಿಮೆಂಟು ಸೀಟಿನ ಸಂಖ್ಯೆಯಲ್ಲಿ ಸ್ವಲ್ಪ ಬೆಳೆದಿದ್ದರೂ, ಜನರ ಲೆಕ್ಕದಲ್ಲಿ ಎಪ್ಪತ್ತು ವರ್ಷದಿಂದ ಕುಗ್ಗುತ್ತಲೇ ಬಂದಿದೆ. ಯಾರೂ ಕತ್ತರಿ ಹಿಡಿಯಲೇ ಇಲ್ಲ.

ರಾಜ್ಯಗಳಿಗೆ ಎಷ್ಟೆಷ್ಟು ಸೀಟು ಅನ್ನೋದು 1971ರ ಜನಗಣತಿಗೆ ನಿಂತಿದೆ. ಜನಸಂಖ್ಯೆ ಹಿಡಿತದಲ್ಲಿಟ್ಟ ರಾಜ್ಯಗಳಿಗೆ ಅನ್ಯಾಯ ಆಗಬಾರದು ಅಂತ 1976ರಲ್ಲಿ ನಿಲ್ಲಿಸಿದರು, ಆಮೇಲೆ ಅದನ್ನೇ 2026ರ ನಂತರದ ಮೊದಲ ಜನಗಣತಿವರೆಗೆ ಎಳೆದರು. ದೆಹಲಿಯ ಹೊಸ ಸಂಸತ್ ಭವನದ ಲೋಕಸಭೆಯಲ್ಲಿ 888 ಜನ ಕೂರೋ ಜಾಗ ಮಾಡಿದ್ದಾರೆ. ಅಂದರೆ ಚಿಕ್ಕಪ್ಪ ಅರ್ಧ ಮಾಡಿ ಅನ್ನೋ ಹೊತ್ತಿಗೆ ಅವರು ಕುರ್ಚಿ ತಂದು ಹಾಕಿ ಆಗಿದೆ. ಸೀಟು ಜಾಸ್ತಿಯಾದರೆ ಒಳ್ಳೆಯದೇ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಬರೀ ತಲೆ ಎಣಿಸಿ ಹಂಚಿದರೆ 543ರಲ್ಲಿ 28 ಅನ್ನೋ ನಮ್ಮ ಪಾಲು ಕರಗುತ್ತೆ. ಮೇಲಾಗಿ 1985ರ ಪಕ್ಷಾಂತರ ಕಾಯ್ದೆ ಬಂದಮೇಲೆ ವಿಪ್ ಹೇಳಿದ ಕಡೆ ಕೈ ಎತ್ತದಿದ್ದರೆ ಸೀಟೇ ಹೋಗಬಹುದು. ಎಲ್ಲರೂ ಪಕ್ಷ ಹೇಳಿದ ಹಾಗೇ ವೋಟು ಹಾಕೋದಾದರೆ 543 ಯಾಕೆ, ಪಕ್ಷಕ್ಕೊಬ್ಬ ಸಾಲದಾ? ಬಾರ್ ಯಜಮಾನ ಇಲ್ಲಿದ್ದಿದ್ದರೆ ಇದನ್ನೇ ಕೇಳುತ್ತಿದ್ದ. ಇದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಕೊಬ್ಬರಿ ಒಂದಿದೆ.

2023ರಲ್ಲಿ ಉಂಡೆ ಕೊಬ್ಬರಿ ರೇಟು ಪಾತಾಳಕ್ಕೆ ಇಳಿದಿತ್ತು. ಬೆಂಬಲ ಬೆಲೆ ಕ್ವಿಂಟಲ್‌ಗೆ 11,750, ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕಿಂತ ಸಾವಿರಾರು ರೂಪಾಯಿ ಕಡಿಮೆ. ಅಟ್ಟದ ಮೇಲೆ ವರ್ಷ ಒಣಗಿಸಿದ ಕೊಬ್ಬರಿ ಮನೆಮನೆಯಲ್ಲೂ ಹಾಗೇ ಬಿದ್ದಿತ್ತು. ಕೇಂದ್ರದ ಪರವಾಗಿ ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆ ಖರೀದಿ ಮಾಡಬೇಕು, ಮಾಡಿದರೆ ಎಷ್ಟು, ಒಬ್ಬ ರೈತನಿಂದ ಎಷ್ಟು ಕ್ವಿಂಟಲ್, ಎಲ್ಲ ತೀರ್ಮಾನ ದೆಹಲಿಯಲ್ಲಿ. ಆಗ ಊರಿಂದ ಹದಿನೈದು ಜನ ಟೆಂಪೋ ಮಾಡಿಕೊಂಡು ಎಂಪಿ ಕಚೇರಿಗೆ ಮನವಿ ಕೊಡೋಕೆ ಹೋದರು. ಚಿಕ್ಕಪ್ಪನೂ ಇದ್ದರು. ಮೊದಲು ಹೋಗಿ ಸೇರಿದ್ದು ಒಂದು ದೊಡ್ಡ ಸಾಲಿಗೆ. ಒಬ್ಬರಿಗೆ ರೈಲು ಟಿಕೆಟ್ಟಿನ ಕೋಟಾ ಪತ್ರ, ಇನ್ನೊಬ್ಬರಿಗೆ ಮಗಳ ಹಾರ್ಟ್ ಆಪರೇಷನ್ನಿಗೆ ಪ್ರಧಾನಿ ಪರಿಹಾರ ನಿಧಿಯ ಪತ್ರ, ಆಸ್ಪತ್ರೆಯ ಎಸ್ಟಿಮೇಟು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಿಂತಿದ್ದರಂತೆ. ಇವರ ಸರದಿ ಬಂದಾಗ ಸಿಕ್ಕಿದ್ದು ಮೂರು ನಿಮಿಷ. ಎಂಪಿ ಮನವಿ ಓದಿದರು, ಸದನದಲ್ಲಿ ಎತ್ತುತ್ತೇನೆ ಅಂದರು, ಒಂದು ಫೋಟೋ ಆಯಿತು.

ಅದನ್ನು ನೆನಪಿಸಿದೆ. "ಚಿಕ್ಕಪ್ಪ, ತೆಂಗಿನ ಸೀಮೆ ಅಂದರೆ ತುಮಕೂರು, ಹಾಸನ, ಮಂಡ್ಯ, ಚಿತ್ರದುರ್ಗ, ಚಿಕ್ಕಮಗಳೂರಿನ ಸ್ವಲ್ಪ. ಉಂಡೆ ಕೊಬ್ಬರಿ ಅಂದ್ರೆ ಏನು ಅಂತ ಗೊತ್ತಿರೋ ಎಂಪಿಗಳು ಅಲ್ಲಿ ನಾಲ್ಕೋ ಐದೋ ಜನ. ಅರ್ಧ ಮಾಡಿದ್ರೆ ಇಬ್ಬರು. ಆ ಸಾಲು ಆಗ ಎಷ್ಟು ಉದ್ದ ಇರುತ್ತೆ ಹೇಳಿ."

ಚಿಕ್ಕಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ತೋಟದ ಕಡೆ ಮೋಟರ್ ನಿಂತ ಸದ್ದಾಯಿತು, ಕರೆಂಟ್ ಹೋಯಿತು. ಎದ್ದು ಚಪ್ಪಲಿ ಹುಡುಕುತ್ತಾ ಹೇಳಿದರು, "ಅರ್ಧ ಅಂದ್ರೆ ನಮ್ಮವರನ್ನಲ್ಲ ಕಣೋ, ಬೇರೆ ಕಡೆಯವರನ್ನ."